ನಾನೂರ ನಲವತ್ತೈದು ಕಿಲೋಮೀಟರ್

ಗೋರಖನಾಥ ಕಾರಿನ ಸ್ಟೇರಿಂಗ್ ಕೆಳಗಿನ ಕಿಂಡಿಗೆ, ಗಾಡಿಯ ದೋಷ ಓದಿ ತೋರಿಸುವ ಸ್ಕ್ಯಾನರಿನ ವೈರು ಸಿಕ್ಕಿಸಿ ಕೀಲಿ ತಿರುಗಿಸಿದ. ಮೀಟರಿನ ಮೇಲೆ ಹತ್ತಾರು ದೀಪ ಹತ್ತಿ ಒಂದೊಂದಾಗಿ ಆರಿದವು. ಕುಳಿತ ಮನುಷ್ಯನ ಎದೆಯ ಮುಂದೆ ಬಲೂನು ಉಬ್ಬಿದಂಥ ಕೆಂಪು ಚಿತ್ರ ಮಾತ್ರ ಆರಲಿಲ್ಲ. ಅದು ಏರ್‌ಬ್ಯಾಗಿನ ದೀಪ.

ಅವನು ವೈನಿ ಎಂದು ಕರೆಯುವ ಅತ್ತಿಗೆ ಕೌಸಲ್ಯಾಬಾಯಿ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ನಾಳೆಯಿಂದ ಈ ಕಾರಿಗೆ ಸೀಟು ಹತ್ತಿಸಿಕೊಂಡು ಔರಾದದಿಂದ ಬೀದರಿಗೆ ಓಡಿಸಬೇಕೆಂದು ಗೋರಖನ ವಿಚಾರ. ಕೆಂಪು ದೀಪ ಉರಿಯುವ ಗಾಡಿಯಲ್ಲಿ ಮಂದಿಯನ್ನು ಕೂಡಿಸಬೇಡ ಎಂದು ಅವಳು ಹಟ ಹಿಡಿದದ್ದಕ್ಕೇ ಅವನು ತಾನು ಕೆಲಸ ಮಾಡುವ ಭಾಲ್ಕಿಯ ಬಿಡಿಭಾಗದ ಅಂಗಡಿಯಿಂದ ಈ ಸ್ಕ್ಯಾನರು ಕೊಂಡು ತಂದಿದ್ದ. ಆದರೆ ಅವಳ ಹೊಟ್ಟೆಯೊಳಗಿನ ಅಂಜಿಕೆ ಬೇರೆಯೇ ಇತ್ತು.

ಎರಡು ವರ್ಷ ಮಳೆ ಕೈಕೊಟ್ಟಾಗ ಅರ್ಧ ಓಣಿ ಪುಣೆಗೆ ಹೋಗಿತ್ತು. ಅವಳ ಗಂಡ ಕಾಶೀರಾಮನೂ ಹೋಗಿ ಅಲ್ಲಿ ಇದೇ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ. ಹೋದ ವಾರ ಕಾರು ಬಂತು, ಅವನು ಬರಲಿಲ್ಲ. ಡ್ರೈವಿಂಗ್ ಬಿಟ್ಟಿದ್ದೇನೆ, ಕುಳಿತು ಮಾಡುವ ನೌಕರಿ ಸಿಕ್ಕಿದೆ, ರಜೆ ಇಲ್ಲ ಎಂದು ಫೋನಿನಲ್ಲಿ ಹೇಳಿದ. ಕಾರು ತಂದುಬಿಟ್ಟ ಓಣಿಯ ಧೊಂಡಿಬಾ ಚಹಾ ಕೂಡ ಕುಡಿಯದೆ, ಅವಳ ಮುಖ ನೋಡದೆ ಕೀಲಿ ಕೊಟ್ಟು ಹೋದ. ಹಳೆಯ ಕಾರಿಗೆ ಮುಂದಿನ ಬಂಪರ್ ಮಾತ್ರ ಹೊಚ್ಚ ಹೊಸದು. ಬಂಪರ್ ಹೊಳೆದರೆ ಹೆಂಡತಿ ಬೇರೇನೂ ಕೇಳುವುದಿಲ್ಲ ಎಂದು ಈ ಗಂಡಸರಿಗೆ ಯಾರು ಕಲಿಸುತ್ತಾರೋ.

ಸ್ಕ್ಯಾನರಿನ ಪುಟ್ಟ ಪರದೆಯಲ್ಲಿ ಮೂರು ದೋಷ ಬಂದವು. ಬ್ಯಾಟರಿ ಇಳಿದಿತ್ತು ಅಂತ ಒಂದು, ಸೀಟಿನ ಕೆಳಗಿನ ವೈರು ಸಡಿಲ ಅಂತ ಒಂದು. ಮೂರನೆಯದನ್ನು ಗೋರಖ ಓದುವ ಗೋಜಿಗೇ ಹೋಗಲಿಲ್ಲ.

"ಗಾಡಿನೂ ಮುದುಕರಂಗ್ರಿ ವೈನಿ. ಹ್ಯಾಂಗಿದ್ದಿ ಅಂತ ಕೇಳಿದ್ರ ಹತ್ತು ಜಡ್ಡು ಹೇಳ್ತದ. ಅಳಿಸಿಬಿಟ್ರ ಮುಗೀತು," ಎಂದು ಗುಂಡಿ ಒತ್ತಿದ.

ಸೀಟಿನ ಕೆಳಗಿನ ವೈರು ಅದುಮಿ, ಕೀಲಿ ಬಂದ್ ಮಾಡಿ ಮತ್ತೆ ತಿರುಗಿಸಿದ. ಎರಡು ದೋಷ ಹೋಗಿದ್ದವು. ದೀಪ ಹೋಗಿರಲಿಲ್ಲ. ಉಳಿದ ಒಂದನ್ನು ಅವನು ಇಂಗ್ಲಿಷ್ ಅಕ್ಷರ ಕೂಡಿಸಿ, ಶಾಲೆಯ ಹುಡುಗನಂತೆ ದೊಡ್ಡ ದನಿಯಲ್ಲಿ ಓದಿದ. ಬುದ್ಧಿ ಇದ್ದವನಾಗಿದ್ದರೆ ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದ.

"ಅಪಘಾತ ದಾಖಲಾಗ್ಯಾದ. ಡ್ರೈವರ್ ಬಾಜೂ ಬಲೂನ ಒಡದದ. ಇದು ಅಳಿಸೂದಿಲ್ಲ."

ಓದಿದ ಮೇಲೆ ನಾಲಿಗೆ ಕಚ್ಚಿಕೊಂಡ. ಸೆಕೆಂಡ್ ಹ್ಯಾಂಡ್ ಗಾಡಿ, ಮೊದಲಿನ ಮಾಲೀಕ ಎಲ್ಲೋ ಗುದ್ದಿರಬೇಕು ಎಂದು ಗಡಬಡಿಸಿ ಹೇಳಿ ವೈರು ಕೀಳಲು ಕೈ ಹಾಕಿದ. ಕೌಸಲ್ಯಾಬಾಯಿ ಅವನ ಮಣಿಕಟ್ಟು ಹಿಡಿದಳು. ಅಂಗನವಾಡಿಯಲ್ಲಿ ದಿನಾ ಕೂಸುಗಳ ತೂಕ ಬರೆಯುವ ಹೆಂಗಸು ಅವಳು. ಅಂಕಿ ಅವಳ ಕಣ್ಣು ತಪ್ಪಿಸುವುದಿಲ್ಲ.

"ಅದರ ಕೆಳಗಿನ ನಂಬರ ಏನದು?"

ದೋಷ ಬಿದ್ದಾಗ ಗಾಡಿ ಓಡಿದ್ದ ಕಿಲೋಮೀಟರ್ ಎಂದು ಅವನು ಒಪ್ಪಿಕೊಳ್ಳಲೇಬೇಕಾಯಿತು. ಸ್ಕ್ಯಾನರಿನಲ್ಲಿ ಇದ್ದದ್ದು ಒಂದು ಲಕ್ಷ ಹದಿನೆಂಟು ಸಾವಿರದ ಇಪ್ಪತ್ತಾರು. ಅವಳು ಬಗ್ಗಿ ಕಾರಿನ ಮೀಟರ್ ನೋಡಿದಳು. ಒಂದು ಲಕ್ಷ ಹದಿನೆಂಟು ಸಾವಿರದ ನಾನೂರ ಎಪ್ಪತ್ತೊಂದು. ಬಂದ ದಿನದಿಂದ ಗಾಡಿ ಅಂಗಳ ಬಿಟ್ಟು ಕದಲಿರಲಿಲ್ಲ.

"ಇಲ್ಲಿಂದ ಉದಗೀರ ಮ್ಯಾಲಿಂದ ಹೋದ್ರ ಪುಣೆ ಎಷ್ಟಾಗ್ತದ, ಗೋರಖ?"

ಅವನು ಸ್ಕ್ಯಾನರನ್ನು ತೊಡೆಯ ಮೇಲೆ ಮಗುಚಿ ಇಟ್ಟ. "ನಾಕನೂರಾ ನಲವತ್ತರ ಮ್ಯಾಲ ಆಗ್ತದ್ರಿ," ಎಂದ.

ಗುದ್ದಿದ್ದು ಪುಣೆಯಲ್ಲೇ. ಆಮೇಲೆ ಗಾಡಿ ಓಡಿದ್ದು ಊರಿಗೆ ಬಂದಷ್ಟೇ ದಾರಿ. ಕಾಶೀರಾಮ ಪುಣೆಯಲ್ಲಿ ತನ್ನ ಕಾರಿನ ಕೀಲಿಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಗೋರಖ ಸ್ಟೇರಿಂಗ್ ನಡುವಿನ ಹಾರ್ನಿನ ಮುಚ್ಚಳವನ್ನು ಬೆರಳಿನಿಂದ ತಟ್ಟಿದ. ಹೊಸ ಮುಚ್ಚಳ. ಒಳಗೆ ಟೊಳ್ಳು ಸಪ್ಪಳ ಬಂತು; ಬಲೂನು ಇರಬೇಕಾದ ಜಾಗ ಖಾಲಿ.

"ಬಲೂನ ತೆರದದ ಅಂದ್ರ ತಲಿ, ಎದಿ ಉಳದಾವ್ರಿ ವೈನಿ. ಅದಕ್ಕೇ ಇಟ್ಟಿರ್ತಾರದು."

"ತಲಿ, ಎದಿ ನಾ ದಿನಾ ಫೋನಿನಾಗ ನೋಡ್ತೀನಿ. ಅದರ ಕೆಳಗ ತೋರಿಸೇ ಇಲ್ಲ," ಎಂದಳು ಅವಳು.

ಅಲ್ಲೇ, ಕಾರಿಗೆ ಬೆನ್ನು ಕೊಟ್ಟು ನಿಂತು ವಿಡಿಯೋ ಕಾಲ್ ಹಚ್ಚಿದಳು. ಹೊರಗೆ ಟ್ಯಾಂಕರ್ ಬಂದ ಗದ್ದಲ, ಕೊಡಗಳು ಒಂದಕ್ಕೊಂದು ತಾಗುವ ಸದ್ದು. ಮೂರನೆಯ ಸಲಕ್ಕೆ ಕಾಶೀರಾಮ ಎತ್ತಿದ. ದಿನದಂತೆಯೇ ನಕ್ಕ. ಊಟ ಆಯಿತೇ, ನೀರು ಬಂತೇ ಎಂದು ಕೇಳಿದ. ಗೋರಖ ಗಾಡಿ ರಸ್ತೆಗೆ ಇಳಿಸಿದನೇ ಎಂದೂ ಕೇಳಿದ.

"ಗಾಡಿ ಛಲೋ ಅದ," ಎಂದಳು. "ನೀವು ಒಂದೀಟ ಎದ್ದು ನಿಂದರ್ರಿ."

"ಯಾಕ, ಎತ್ತರ ಅಳೀತಿ ಏನು?"

"ನಿಂದರ್ರಿ. ನೋಡ್ತೀನಿ."

ನಗು ಅವನ ತುಟಿಯ ಮೇಲೆ ಹಾಗೇ ನಿಂತಿತು. ಒಮ್ಮೆ ಎಲ್ಲೋ ಪಕ್ಕಕ್ಕೆ ನೋಡಿದ. ಗೋರಖ ವೈರು ಸುತ್ತುವುದನ್ನು ಬಿಟ್ಟು ಕಾರಿನೊಳಗೇ ತಲೆ ತಗ್ಗಿಸಿ ಕುಳಿತ.

"ಇಲ್ಲಿ ನೆಟ್‌ವರ್ಕ್ ಬರವಲ್ದು," ಎಂದ ಕಾಶೀರಾಮ. "ನಿನ್ನ ಮಾತೇ ಕೇಳಸವಲ್ದು ನೋಡು."

ಪರದೆಯ ಮೇಲೆ ಅವನ ಮುಖ, ಬೋಳಿಸದ ಗಡ್ಡದ ಬಿಳಿಕೂದಲು ಎಣಿಸುವಷ್ಟು ಸ್ವಚ್ಛವಾಗಿ ಕಾಣುತ್ತಿತ್ತು.