ವೆಲಿಟಾಳ ಜ್ವರ

ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಒಮಾನಿನ ಮುಸಂದಮ್‌ನ ಫಿಯೋರ್ಡ್ ಎದುರು ನೆವಿಲ್ ಹೆಂಡತಿ ವೆಲಿಟಾ ಮತ್ತು ಮಗಳೊಂದಿಗೆ ಸೆಲ್ಫಿ ಕೋಲು ಚಾಚಿದ್ದಾಗ, ಪಕ್ಕಕ್ಕೆ ಬಂದು ನಿಂತ ಟೂರ್ ಬಸ್ಸಿನಿಂದ ಝಹೀರ್ ಮತ್ತು ಅವನ ಹೆಂಡತಿ ಲೈಲಾ ಇಳಿದರು. ದುಬೈ ಆಫೀಸಿನಲ್ಲಿ ನೆವಿಲ್‌ನ ಪಕ್ಕದ ಕುರ್ಚಿಯೇ ಝಹೀರನದು. ಮೊನ್ನೆ ಈ ಪ್ರವಾಸದ ಮಾತು ಬಂದಾಗ, "ನಿಮ್ಮ ಕಾರಲ್ಲಿ ನಮಗೂ ಜಾಗ ಉಂಟಾ?" ಎಂದು ಅವನು ಕೇಳಿದ್ದ. ಇಕ್ಕಟ್ಟು ಬೇಡವೆಂದು ನೆವಿಲ್, "ವೆಲಿಟಾಗೆ ಜ್ವರ ಮಾರಾಯ, ನಾವು ಹೋಗುವುದೇ ಇಲ್ಲ" ಎಂದಿದ್ದ.

ಝಹೀರ್ ನಗುತ್ತಲೇ ಹತ್ತಿರ ಬಂದ. "ಜ್ವರ ಬಿಟ್ಟಿತಾ ವೆಲಿಟಾ? ಲೈಲಾ ನಿನ್ನೆ ನಿಮಗೋಸ್ಕರ ದುವಾ ಮಾಡಿದ್ದಾಳೆ."

ವೆಲಿಟಾ ಗಂಡನ ಮುಖ ನೋಡಿದಳು. "ಹೌದು, ಈಗ ಕಮ್ಮಿ ಉಂಟು" ಎಂದಳು ಮೆಲ್ಲಗೆ.

ಪುಟ್ಟ ಶರಲ್ ಗಾಬರಿಯಿಂದ ಅಮ್ಮನನ್ನು ಬಗ್ಗಿಸಿ ಹಣೆ ಮುಟ್ಟಿದಳು. "ಡ್ಯಾಡಿ, ಈಸ್ ಮಮ್ಮಿ ಸಿಕ್?"

ನೆವಿಲ್ ಚಾಚಿದ್ದ ಸೆಲ್ಫಿ ಕೋಲನ್ನು ಮಡಚತೊಡಗಿದ.