ಅಪ್ಪನಿಗೆ ಬಾಯಿಪಾಠವಿದ್ದ ಆಟಗಾರ

ಇಂದು ಚರ್ಮದ ಚಪ್ಪಲಿಗೆ ಹರಳೆಣ್ಣೆ ಸವರುವಾಗ ರಾಯದುರ್ಗದ ಒಂದು ಭಾನುವಾರ ನೆನಪಾಯಿತು.

ಮಧ್ಯಾಹ್ನ ಮೂರು ಗಂಟೆ. ಪಡಸಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಅಪ್ಪ, ಅವ್ವ ಮತ್ತು ಎಂಟು ವರ್ಷದ ನಾನು ಇದ್ದೆವು. ಶಾಲೆಯ ಫುಟ್‌ಬಾಲಿಗೆ ಎಣ್ಣೆ ತಿಕ್ಕುತ್ತ ಅಪ್ಪ ಎಂದಿನಂತೆ ಹಳೆಯ ಕಾಲದ ಇಂಗ್ಲೆಂಡ್ ಆಟಗಾರನೊಬ್ಬನ ಕಥೆ ಹೇಳಿದರು. ಅವನು ಗಿರಣಿ ಕೂಲಿಯ ಮಗ. ದೇಶಕ್ಕಾಗಿ ಆಡಿದ್ದು ಮೂರೇ ಪಂದ್ಯ. ಮೊಣಕಾಲು ಮುರಿದ ಮೇಲೆ ಮಕ್ಕಳಿಗೆ ಆಟ ಕಲಿಸಿದ. ಅವನು ಹುಟ್ಟಿದ ತಾರೀಖು ಹೇಳುವಾಗ ಅಪ್ಪನ ದನಿ ಮೆತ್ತಗಾಯಿತು. ನನ್ನೊಡನೆ ಆ ದನಿಯಲ್ಲಿ ಅವರು ಮಾತನಾಡಿದ್ದೇ ಇಲ್ಲ.

"ನಾನು ಹುಟ್ಟಿದ್ದು ಯಾವತ್ತಪ್ಪಾ?" ಎಂದು ಕೇಳಿಯೇಬಿಟ್ಟೆ.

"ಜೂನ್ ಒಂದು."

ಅವ್ವ ನಕ್ಕಳು. "ಅದು ಸಾಲಿಗೆ ಸೇರಿಸುವಾಗ ಎಲ್ಲಾ ಹುಡುಗ್ರಿಗೂ ನೀವು ಬರೆಸೋ ತಾರೀಖಲ್ರೀ! ಇಕಿ ಹುಟ್ಟಿದ್ದು ಕಾರ್ತಿಕದಾಗ."

"ಆ ಇಂಗ್ಲೆಂಡಿನವಂದು ಮಾತ್ರ ನೆನಪೈತಿ ನಿಮಗ," ಎಂದೆ.

"ಸತ್ತವನ ಮ್ಯಾಲ ಯಾಕವ್ವ ಹೊಟ್ಟಿಕಿಚ್ಚು?" ಎಂದ ಅಪ್ಪ ನನ್ನ ಮುಖ ನೋಡಿದರು. ಕೈ ಒರೆಸಿಕೊಂಡು ಎದ್ದು, ಟ್ರಂಕು ತೆರೆದು ಹಳೆಯ ಪಂಚಾಂಗಗಳಲ್ಲಿ ನಾನು ಹುಟ್ಟಿದ ವರ್ಷದ್ದನ್ನು ಹುಡುಕತೊಡಗಿದರು. ಚೆಂಡಿನ ಉಳಿದರ್ಧಕ್ಕೆ ಎಣ್ಣೆ ತಿಕ್ಕಿ ಮುಗಿಸಿದ್ದು ನಾನು.