ಎದುರುಮನೆಯ ಕಾಕುವಿನ ಪ್ರಶ್ನೆ

ಹುರಿದ ಶೇಂಗಾ ತಿಕ್ಕುವಾಗ ಅದರ ಕೆಂಪು ಸಿಪ್ಪೆ ಅವ್ವನ ಹಸಿರು ಬಳೆಗಳಿಗೆ ಅಂಟಿಕೊಳ್ಳುತ್ತಿತ್ತು. ಈಗಲೂ ಎಲ್ಲಾದರೂ ಶೇಂಗಾ ಹುರಿಯುವ ವಾಸನೆ ಬಂದರೆ ಮುಂಬಯಿಯ ಮುಲುಂಡಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಬಿಲ್ಡಿಂಗಿನಲ್ಲಿ ಹೆಚ್ಚಿನವರು ಧಾರವಾಡದ ಕಡೆಯವರೇ. ಅವ್ವನಿಗೆ ಮರಾಠಿ ಬೇಕೇ ಆಗಿರಲಿಲ್ಲ. ಎದುರುಮನೆಯ ಮರಾಠಿ ಹೆಂಗಸು, ನಾವು ಮಕ್ಕಳೆಲ್ಲ ಕಾಕು ಎನ್ನುತ್ತಿದ್ದವರು, ಮಾತಿಗೆ ನಿಂತರೆ ಅವ್ವ ಬೇಗ ಒಳಗೆ ಬಂದುಬಿಡುತ್ತಿದ್ದಳು.

“ನಾ ಕನ್ನಡದಾಗ ಏನ ಹೇಳಿದ್ರೂ ಆಕಿ ‘ಮಗ? ಮಗ?’ ಅಂತಾಳ. ನನಗ ಒಬ್ಬಾಕಿ ಮಗಳು ಸಾಲದೇನು?” ಎನ್ನುವಾಗ ಅಂದು ಅವಳ ಕಣ್ಣು ತುಂಬಿತ್ತು.

“ಚುಚ್ಚೋ ಮಂದಿ ಹಂಗ. ನಾವು ಇದ್ದೀವಲ್ಲ, ಆಕಿ ಗೊಡವಿ ಬಿಡು,” ಎಂದರು ಮೇಲಿನ ಮನೆಯ ಗಂಗಕ್ಕ.

ನಾನು ಶಾಲೆಯಲ್ಲಿ ಮರಾಠಿ ಕಲಿಯುತ್ತಿದ್ದೆ. “ಅವ್ವಾ, ಮರಾಠಿಯೊಳಗ ‘ಮಗ’ ಅಂದ್ರ ‘ಆಮ್ಯಾಲೆ’. ಮುಂದೇನಾತು ಅಂತ ಕೇಳ್ತಾರ ಕಾಕು,” ಎಂದೆ.

“ಅಯ್ಯ, ಇಷ್ಟು ದಿನಾ ಬೈದದ್ದೆಲ್ಲಾ ದಂಡಾತಲ್ಲ!” ಎಂದು ಗಂಗಕ್ಕ ನಕ್ಕರು. ಅವ್ವ ನಗಲಿಲ್ಲ. ಬಳೆಗೆ ಅಂಟಿದ ಸಿಪ್ಪೆಗಳನ್ನು ಬಿಡಿಸುತ್ತ ಕುಳಿತಳು.

ಮರುದಿನ ಬೆಳಿಗ್ಗೆ ಅವಳು ಬಟ್ಟಲಲ್ಲಿ ಶೇಂಗಾ ಚಟ್ನಿಪುಡಿ ಹಿಡಿದು ಎದುರುಮನೆಯ ಬಾಗಿಲು ತಟ್ಟಿದಳು. ಕಾಕು ಬಟ್ಟಲು ತೆಗೆದುಕೊಂಡು, ಗಡಬಡಿಸಿ ಏನೋ ಹೇಳತೊಡಗಿ, ಅವ್ವನಿಗೆ ತಿಳಿಯದೆಂದು ಅರ್ಧಕ್ಕೇ ನಿಲ್ಲಿಸಿದರು. ಅವ್ವ ಸೆರಗು ಸರಿಮಾಡಿಕೊಂಡು, ತನಗೆ ಬರುತ್ತಿದ್ದ ಒಂದೇ ಮರಾಠಿ ಮಾತನ್ನು ಆಡಿದಳು:

“ಮಗ?”